ಹೆದ್ದಾರಿ ಪಕ್ಕದ ಊರುಗಳ ಓಡಾಟ ಬರೆದುಕೊಳ್ಳುವುದು ಹೇಗೆ? ಮಂಡ್ಯ–ಮೈಸೂರು ದಾರಿಗೆ ಒಂದು ಸಮಗ್ರ ಮಾರ್ಗದರ್ಶಿ

ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು, ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ. ಸುಮಾರು 118 ಕಿ.ಮೀ. ಉದ್ದ. ನಡುವೆ ಆರು ಪಥದ ಮುಖ್ಯ ರಸ್ತೆ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರೋಡ್. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್ ಮುಖ್ಯ ರಸ್ತೆಗೆ ಹತ್ತುವಂತಿಲ್ಲ. ಅಂದರೆ ನಮ್ಮ ಜಿಲ್ಲೆಯ ಹಳ್ಳಿಯವರ ಪಾಲಿಗೆ ಹೈವೇ ಅಂದರೆ ಸರ್ವಿಸ್ ರೋಡೇ. ಬೆಂಗಳೂರಿಂದ ಮೈಸೂರಿಗೆ ಎಷ್ಟು ಹೊತ್ತು ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ಮನೆಯಿಂದ ಗದ್ದೆಗೆ, ಗದ್ದೆಯಿಂದ ಡೈರಿಗೆ, ಊರಿಂದ ಮಂಡ್ಯದ ಮಿಮ್ಸ್ ಆಸ್ಪತ್ರೆಗೆ ಎಷ್ಟು ಹೊತ್ತು? ಇದನ್ನು ಕೂತು ಕೇಳಿ ಬರೆದುಕೊಂಡವರು ಕಡಿಮೆ.

ಬರೆದುಕೊಳ್ಳಲು ಇಂಜಿನಿಯರ್ ಆಗಿರಬೇಕಿಲ್ಲ. ಪಂಚಾಯಿತಿ ಸದಸ್ಯರು, ಕಾಲೇಜಿನ ಎನ್‌ಎಸ್‌ಎಸ್ ಹುಡುಗರು, ಸ್ತ್ರೀಶಕ್ತಿ ಸಂಘದವರು, ರೈತ ಸಂಘದವರು ಯಾರು ಬೇಕಾದರೂ ಮಾಡಬಹುದು. ಒಂದು ವಿಷಯ ಮಾತ್ರ ಶುರುವಿನಲ್ಲೇ ತಲೆಯಲ್ಲಿ ಕೂರಬೇಕು. ಬೇಡಿಕೆ ಪಟ್ಟಿ ಮಾಡಲು ಹೋಗಬೇಡಿ, ಓಡಾಟ ಬರೆದುಕೊಳ್ಳಿ. "ಏನು ಬೇಕು?" ಅಂತ ಕೇಳಿದರೆ ಊರೂರಿಂದಲೂ "ಅಂಡರ್‌ಪಾಸ್ ಬೇಕು" ಅಂತಲೇ ಬರುತ್ತದೆ. ಪಕ್ಕದೂರಿಗೆ ಕೊಟ್ಟಿದ್ದಾರೆ, ನಮಗೂ ಕೊಡಲಿ. ಅದು ತಪ್ಪಲ್ಲ. ಆದರೆ ಹಾಗೆ ಬಂದ ಇಪ್ಪತ್ತು ಅರ್ಜಿ ಒಂದೇ ಥರ ಇರುತ್ತವೆ, ಒಂದೇ ಫೈಲಿಗೆ ಸೇರುತ್ತವೆ. ಯಾರು, ಯಾವ ಹೊತ್ತಲ್ಲಿ, ಯಾಕೆ, ಎಲ್ಲಿ ದಾಟುತ್ತಾರೆ ಅಂತ ಬರೆದರೆ ಮಾತ್ರ ಆ ಅರ್ಜಿಗೆ ತೂಕ ಬರುತ್ತದೆ.

ಎಲ್ಲಿಂದ ಎಲ್ಲಿವರೆಗೆ? ಮೊದಲು ಗೆರೆ ಹಾಕಿ

118 ಕಿ.ಮೀ. ಪೂರ್ತಿ ಹಿಡಿಯಲು ಹೋಗಬೇಡಿ. ಹತ್ತು ಕಿ.ಮೀ. ಆಸುಪಾಸಿನ ಒಂದು ತುಂಡು ಸಾಕು. ಮಂಡ್ಯ ಬೈಪಾಸ್ ಒಂದು ತುಂಡು. ಗಣಂಗೂರು ಟೋಲ್‌ನಿಂದ ಶ್ರೀರಂಗಪಟ್ಟಣ ದಾಟುವವರೆಗೆ ಇನ್ನೊಂದು. ಅಲ್ಲಿಂದ ಮೈಸೂರಿನ ರಿಂಗ್ ರೋಡ್‌ವರೆಗೆ ಮತ್ತೊಂದು.

ಗೆರೆ ಹಾಕುವಾಗ ರಸ್ತೆಯನ್ನಷ್ಟೇ ನೋಡಬೇಡಿ. ಎರಡೂ ಬದಿಯಲ್ಲಿ ಮೂರು ನಾಲ್ಕು ಕಿ.ಮೀ. ಒಳಗಿರುವ ಊರುಗಳೂ ಸೇರಲಿ. ಬೈಪಾಸ್ ಆದ ಮೇಲೆ ಊರೊಳಗೆ ಉಳಿದ ಹಳೇ ರಸ್ತೆಯೂ ಸೇರಲಿ. ರೈಲು ಹಳಿಯನ್ನು ಮಾತ್ರ ಮರೆಯಲೇಬೇಡಿ. ಹೈವೇ ಜೊತೆಜೊತೆಗೇ ಜೋಡಿ ಹಳಿ ಇದೆ. ಮಂಡ್ಯ, ಯಲಿಯೂರು, ಪಾಂಡವಪುರ, ಶ್ರೀರಂಗಪಟ್ಟಣ, ನಾಗನಹಳ್ಳಿ ಸ್ಟೇಷನ್‌ಗಳಿವೆ. ಮೈಸೂರಿಗೆ ದಿನಾ ಕೆಲಸಕ್ಕೆ ಹೋಗುವ ಎಷ್ಟೋ ಜನಕ್ಕೆ ಕಷ್ಟ ಇರುವುದು ರೈಲಿನಲ್ಲಿ ಅಲ್ಲ, ಮನೆಯಿಂದ ಸ್ಟೇಷನ್‌ಗೆ ಬರುವ ದಾರಿಯಲ್ಲಿ. ಪಾಂಡವಪುರ ಸ್ಟೇಷನ್ನೇ ನೋಡಿ, ಪಟ್ಟಣದಿಂದ ಅದೆಷ್ಟು ಆಚೆ ಇದೆ!

ಯಾರ ಕೈಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಇದನ್ನು ಕೊನೆಗೆ ಇಟ್ಟುಕೊಳ್ಳುವವರು ಜಾಸ್ತಿ. ಮೊದಲೇ ಮಾಡಿ. ಮುಖ್ಯ ರಸ್ತೆ, ಸರ್ವಿಸ್ ರೋಡ್, ಅಂಡರ್‌ಪಾಸ್ ಎಲ್ಲ ಎನ್‌ಎಚ್‌ಎಐ, ಅಂದರೆ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ್ದು. ಬಸ್ಸು ಎಲ್ಲಿ ನಿಲ್ಲಬೇಕು, ಎಷ್ಟು ಟ್ರಿಪ್ ಅನ್ನುವುದು ಕೆಎಸ್ಆರ್‌ಟಿಸಿ ವಿಭಾಗದ ನಿಯಂತ್ರಣಾಧಿಕಾರಿಯದ್ದು. ರಾಜ್ಯ ಹೆದ್ದಾರಿ ಬಂದು ಸೇರುವ ಕಡೆ ಲೋಕೋಪಯೋಗಿ ಇಲಾಖೆ. ಹಳ್ಳಿ ರಸ್ತೆಗೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ. ಬೀದಿ ದೀಪ ಗ್ರಾಮ ಪಂಚಾಯಿತಿಯದ್ದು. ರೈಲು ನೈಋತ್ಯ ರೈಲ್ವೆಯದ್ದು. ಊರೊಳಗಿನ ಹಳೇ ಹೈವೇ ಈಗ ಯಾರ ಸುಪರ್ದಿಯಲ್ಲಿದೆ ಅಂತ ಬಾಯಿ ಮಾತಲ್ಲಿ ಕೇಳಿ ಬಿಡಬೇಡಿ, ಬರಹದಲ್ಲಿ ಪಡೆಯಿರಿ. "ಅದು ನಮ್ಮದಲ್ಲ" ಅನ್ನುವ ಉತ್ತರ ಆಮೇಲೆ ಬರುವುದು ಅಲ್ಲಿಂದಲೇ.

ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ನೀವು ಮಾಡುತ್ತಿರುವುದು ಕಾನೂನಿನ ಸಾರ್ವಜನಿಕ ವಿಚಾರಣೆ ಅಲ್ಲ. ಹೊಸ ರಸ್ತೆಗೆ ಭೂಮಿ ಹೋಗುವುದಾದರೆ 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಂತೆ ಅಧಿಸೂಚನೆ ಬಂದ 21 ದಿನದೊಳಗೆ ತಕರಾರು ಹಾಕಬೇಕು. ಪರಿಸರ ಅನುಮತಿಗೆ ಸಂಬಂಧಿಸಿದ ವಿಚಾರಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿ ನಡೆಸುತ್ತದೆ, ಕನಿಷ್ಠ 30 ದಿನ ಮುಂಚೆ ತಿಳಿಸುತ್ತದೆ. ಅಂಥದ್ದು ನಿಮ್ಮ ಕಡೆ ನಡೆಯುತ್ತಿದ್ದರೆ ಆ ಗಡುವು ಬೇರೆ, ಈ ಕೆಲಸ ಬೇರೆ. ಒಂದಕ್ಕೊಂದು ಸೇರಿಸಬೇಡಿ.

ಸಭೆಗೆ ಬರದವರ ಪಟ್ಟಿ ಮಾಡಿ

ಸಭೆ ಕರೆದರೆ ಯಾರು ಬರುತ್ತಾರೆ ಅಂತ ನಿಮಗೇ ಗೊತ್ತು. ಬೈಕ್ ಇರುವವರು, ಪುರುಸೊತ್ತು ಇರುವವರು, ಮಾತಾಡಿ ಅಭ್ಯಾಸ ಇರುವವರು. ಅವರ ಮಾತೂ ಬೇಕು, ಸಿಕ್ಕೇ ಸಿಗುತ್ತದೆ. ಹುಡುಕಬೇಕಾದ್ದು ಉಳಿದವರನ್ನು.

ಬೆಳಗ್ಗೆಯೇ ಗಾರ್ಮೆಂಟ್ಸ್ ಗಾಡಿ ಹತ್ತಿ ಕತ್ತಲಾದ ಮೇಲೆ ಇಳಿಯುವ ಹೆಣ್ಣುಮಕ್ಕಳು. ಪಾಸ್ ಇಟ್ಟುಕೊಂಡು ಬಸ್ಸಿಗೆ ಕೈ ಒಡ್ಡಿ ನಿಲ್ಲುವ ಕಾಲೇಜು ಮಕ್ಕಳು. ಹೈವೇ ಆಚೆ ಗದ್ದೆ, ಈಚೆ ಮನೆ ಇರುವ ರೈತರು. ಕಬ್ಬಿನ ಲೋಡಿನ ಟ್ರ್ಯಾಕ್ಟರ್, ಎತ್ತಿನಗಾಡಿ ಹೊಡೆಯುವವರು. ಮದ್ದೂರು ಮಾರುಕಟ್ಟೆಗೆ ಎಳನೀರು ಸಾಗಿಸುವ ಗೂಡ್ಸ್ ಆಟೊದವರು. ಡಯಾಲಿಸಿಸ್‌ಗೆ, ಬಸಿರಿ ತಪಾಸಣೆಗೆ ಹೋಗುವವರು. ಕೂಲಿಗೆ ಹೋಗುವವರು. ಕೋಲು ಹಿಡಿದು ನಡೆಯುವ ಅಜ್ಜ ಅಜ್ಜಿ, ಮೂರು ಚಕ್ರದ ಗಾಡಿಯ ಅಂಗವಿಕಲರು. ಹಳೇ ರಸ್ತೆಯಲ್ಲಿ ವ್ಯಾಪಾರ ಕಳೆದುಕೊಂಡ ಹೋಟೆಲಿನವರು, ಗೊಂಬೆ ಮಾರುವವರು.

ಪ್ರತಿ ಗುಂಪಿನಿಂದ ಇಷ್ಟು ಜನ ಅಂತ ಮೊದಲೇ ಗುರಿ ಹಾಕಿಕೊಳ್ಳಿ. ಒಂದು ಗುಂಪಿಗೆ 25–30 ಜನ ಸಿಕ್ಕರೆ ಬರುವ ಉತ್ತರಗಳು ತಿರುಗಿ ತಿರುಗಿ ಅದೇ ಆಗತೊಡಗುತ್ತವೆ. ಆಗ ಆ ಗುಂಪು ಬಿಟ್ಟು ಮುಂದಿನದಕ್ಕೆ ಹೋಗಬಹುದು. "385 ಜನರನ್ನು ಕೇಳಿದರೆ ಸಾಕಂತೆ, ಶೇ 5ರ ಒಳಗೆ ತಪ್ಪಂತೆ" ಅಂತ ಯಾರಾದರೂ ಹೇಳಬಹುದು. ಆ ಲೆಕ್ಕ ನಿಜ. ಆದರೆ ಅದು ಚೀಟಿ ಎತ್ತಿದ ಹಾಗೆ ಆರಿಸಿದ ಜನರಿಗೆ ಮಾತ್ರ ಹೊಂದುತ್ತದೆ. ಬಸ್ ಸ್ಟಾಪಲ್ಲಿ ಸಿಕ್ಕವರನ್ನು ಕೇಳಿ "ತಾಲ್ಲೂಕಿನ ಶೇ 62 ಜನ" ಅಂತ ಬರೆಯುವ ಹಾಗಿಲ್ಲ. "ಕೇಳಿದ 140 ಜನರಲ್ಲಿ 87 ಮಂದಿ" ಅಂತ ಬರೆಯಿರಿ. ಅದನ್ನು ಯಾರೂ ಅಲ್ಲಗಳೆಯಲಾರರು.

ಅವರಿರುವ ಕಡೆಗೆ ಹೋಗಿ

ನಮ್ಮ ಕಡೆ ಇದಕ್ಕೆ ಹಾಲಿನ ಡೈರಿಗಿಂತ ಒಳ್ಳೆ ಜಾಗ ಇಲ್ಲ. ದಿನಕ್ಕೆ ಎರಡು ಸಲ, ಗೊತ್ತಾದ ಹೊತ್ತಿಗೆ, ಎಲ್ಲ ಮನೆಯವರೂ ಕ್ಯಾನು ಹಿಡಿದು ಬರುತ್ತಾರೆ. ಹೆಂಗಸರೂ ಬರುತ್ತಾರೆ. ಹಾಲು ಅಳೆಸಿಕೊಳ್ಳುವ ತನಕ ನಿಂತಿರುತ್ತಾರೆ. ಕಾರ್ಯದರ್ಶಿಗೆ ಹಿಂದಿನ ದಿನವೇ ಹೇಳಿಟ್ಟರೆ ಆಯಿತು. ಆಮೇಲೆ ಬಸ್ ಸ್ಟಾಪ್, ಬೆಳಗ್ಗೆ ಏಳರಿಂದ ಒಂಬತ್ತರವರೆಗೆ. ಇಲ್ಲಿ ಯಾರಿಗೂ ತಾಳ್ಮೆ ಇರುವುದಿಲ್ಲ, ಎರಡೇ ಪ್ರಶ್ನೆ ಕೇಳಿ. ಸಕ್ಕರೆ ಕಾರ್ಖಾನೆ ಗೇಟಲ್ಲಿ ಟ್ರ್ಯಾಕ್ಟರ್ ಸಾಲು ನಿಂತಾಗ ಚಾಲಕರು ಗಂಟೆಗಟ್ಟಲೆ ಕಾಯುತ್ತಾರೆ, ಅವರ ಹತ್ತಿರ ಎಷ್ಟು ಬೇಕಾದರೂ ಮಾತಾಡಬಹುದು. ಸಂತೆ, ಅಂಗನವಾಡಿಯ ತಾಯಂದಿರ ಸಭೆ, ಸಂಘದ ವಾರದ ಕಂತು ಕಟ್ಟುವ ದಿನ, ರೇಷನ್ ಅಂಗಡಿ ಸಾಲು, ಎಲ್ಲವೂ ಒಳ್ಳೆಯ ಜಾಗಗಳೇ.

ಸಭೆ ಮಾಡಲೇಬೇಕು ಅನ್ನಿಸಿದರೆ ಜಾಗ ನೋಡಿ ಆರಿಸಿ. ದೇವಸ್ಥಾನದ ಜಗುಲಿ, ಯಜಮಾನರ ಮನೆ ಅಂಗಳ ಬೇಡ. ಕೆಲವರು ಅಲ್ಲಿಗೆ ಬರುವುದೇ ಇಲ್ಲ, ಬಂದರೂ ದೂರ ನಿಲ್ಲುತ್ತಾರೆ, ಕಾರಣ ಎಲ್ಲರಿಗೂ ಗೊತ್ತಿದೆ. ಶಾಲೆ ಅಥವಾ ಅಂಗನವಾಡಿ ಆಗಬಹುದು. ದಲಿತ ಕಾಲೋನಿಯಲ್ಲಿ ಬೇರೆಯಾಗಿಯೇ ಒಮ್ಮೆ ಕೂತು ಮಾತಾಡಿ. ಹೆಂಗಸರ ಸಭೆಯೂ ಬೇರೆಯಾಗಿ ಆಗಲಿ, ಕೇಳುವವರೂ ಹೆಂಗಸರೇ ಆಗಿರಲಿ. ರಾತ್ರಿ ಇಳಿದು ಕತ್ತಲ ಅಂಡರ್‌ಪಾಸಲ್ಲಿ ನಡೆಯುವಾಗಿನ ಭಯವನ್ನು ಗಂಡಸರ ಮುಂದೆ ಯಾರೂ ಹೇಳುವುದಿಲ್ಲ. ವೇದಿಕೆ, ಮೈಕು, ಹಾರ ತುರಾಯಿ ಇಟ್ಟರೆ ಅರ್ಧ ದಿನ ಭಾಷಣಕ್ಕೇ ಹೋಗುತ್ತದೆ. ಚಾಪೆ ಹಾಸಿ ಸುತ್ತ ಕೂರಿ.

ಕಾಲವನ್ನೂ ನೋಡಿ. ನಾಲೆಗೆ ನೀರು ಬಿಟ್ಟು ನಾಟಿ ನಡೆಯುವಾಗ ಯಾರ ಮನೆಯಲ್ಲೂ ಯಾರೂ ಸಿಗುವುದಿಲ್ಲ. ಚುನಾವಣೆ ಹೊತ್ತಲ್ಲಿ ಬೇಡವೇ ಬೇಡ, ನಿಮ್ಮನ್ನು ಯಾವ ಪಾರ್ಟಿ ಅಂತ ಕೇಳುತ್ತಾರೆ.

ಮೊಬೈಲ್ ಫಾರಂ ಮಾಡಿ ವಾಟ್ಸಾಪ್‌ನಲ್ಲಿ ಬಿಡುವುದು ಸುಲಭ. ಮಾಡಿ, ಆದರೆ ಅದರಲ್ಲಿ ಬಂದ ಉತ್ತರಗಳನ್ನು ಬೇರೆ ಕಟ್ಟಿಡಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಕಾರಲ್ಲಿ ಹೋಗುವವರು ಒಂದೇ ಸಂಜೆಯಲ್ಲಿ ಇನ್ನೂರು ಫಾರಂ ತುಂಬಿ ಡೈರಿಯ ಅರವತ್ತು ಉತ್ತರಗಳನ್ನು ಮುಳುಗಿಸಿಬಿಡಬಹುದು.

ಕೇಳುವ ಬಗೆ

ಪ್ರಶ್ನೆಯನ್ನು ಪತ್ರಿಕೆ ಕನ್ನಡದಲ್ಲಿ ಬರೆದುಕೊಂಡು ಓದಬೇಡಿ. "ತಮ್ಮ ಪ್ರಯಾಣದ ಉದ್ದೇಶವೇನು?" ಅಂದರೆ ಎದುರಿನವರು ಸರ್ಕಾರಿ ಆಸಾಮಿ ಬಂದ ಅಂತ ಸುಮ್ಮನಾಗುತ್ತಾರೆ. ಅಕ್ಕ, ಅಣ್ಣ, ಅವ್ವ ಅಂತ ಕರೆದು ಮಾತಾಡಿಸಿದ ಹಾಗೆ ಕೇಳಿ. ನನ್ನ ಮಟ್ಟಿಗೆ ಈ ಆರು ಸಾಕು:

- ಅಕ್ಕ, ನಿನ್ನೆ ಮನೆ ಬಿಟ್ಟು ಎಲ್ಲೆಲ್ಲಿಗೆ ಹೋಗಿದ್ರಿ? ಯಾವ ಹೊತ್ತಿಗೆ?
- ಯಾವುದರಲ್ಲಿ ಹೋದ್ರಿ? ಎಷ್ಟು ಹೊತ್ತು ಕಾದ್ರಿ?
- ಹೋಗಿ ಬರೋಕೆ ಎಷ್ಟು ದುಡ್ಡಾಯ್ತು?
- ಹೈವೇನ ಎಲ್ಲಿ ದಾಟಿದ್ರಿ? ಯಾಕೆ ಅಲ್ಲೇ?
- ಈ ತಿಂಗಳಲ್ಲಿ ಹೋಗಬೇಕು ಅಂದ್ಕೊಂಡು ಹೋಗದೇ ಬಿಟ್ಟಿದ್ದು ಏನಾದ್ರೂ ಇದ್ಯಾ?
- ಮನೇಲಿ ಯಾರನ್ನ ಈ ರಸ್ತೆಗೆ ಒಬ್ಬರನ್ನೇ ಕಳಿಸಲ್ಲ?

"ನಿನ್ನೆ" ಅನ್ನುವುದು ಮುಖ್ಯ. "ಸಾಮಾನ್ಯವಾಗಿ" ಅಂತ ಕೇಳಿದರೆ ಜನ ಅಂದಾಜಿನಲ್ಲಿ ಹೇಳುತ್ತಾರೆ, ನಿನ್ನೆಯದು ಕೇಳಿದರೆ ನೆನಪು ಮಾಡಿಕೊಂಡು ಹೇಳುತ್ತಾರೆ. ನಿನ್ನೆ ಭಾನುವಾರವೋ ಹಬ್ಬವೋ ಆಗಿದ್ದರೆ ಮೊನ್ನೆಯದು ಕೇಳಿ.

ಐದನೆಯ ಪ್ರಶ್ನೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ರಸ್ತೆ ಮೇಲೆ ನಿಂತು ಎಣಿಸಿದರೆ ಓಡಾಡಿದವರು ಕಾಣುತ್ತಾರೆ, ಟಿಕೆಟ್ ಮೆಷಿನ್‌ನಲ್ಲಿ ಬಸ್ಸು ಹತ್ತಿದವರು ಕಾಣುತ್ತಾರೆ. ಹೊರಡದೇ ಉಳಿದವರು ಯಾವ ಲೆಕ್ಕದಲ್ಲೂ ಇಲ್ಲ. ಶಕ್ತಿ ಯೋಜನೆ 2023ರ ಜೂನ್ 11ರಂದು ಬಂತು. ಹೆಂಗಸರಿಗೆ ಸಾಮಾನ್ಯ ಬಸ್ಸು, ವೇಗದೂತ ಎಲ್ಲ ಉಚಿತ. ಪ್ರತಿಯೊಬ್ಬರಿಗೂ ಶೂನ್ಯ ಟಿಕೆಟ್ ಹರಿಯುವುದರಿಂದ ಎಷ್ಟು ಹೆಂಗಸರು ಎಲ್ಲಿ ಹತ್ತಿದರು ಅಂತ ನಿಗಮಕ್ಕೆ ಗೊತ್ತು. ಆದರೆ ಬಸ್ಸು ನಿಲ್ಲಿಸದೇ ಬೈಪಾಸ್ ಹತ್ತಿಹೋದಾಗ ಸ್ಟಾಪಲ್ಲೇ ಉಳಿದವರಿಗೆ ಟಿಕೆಟ್ ಇಲ್ಲವಲ್ಲ. ಅವರ ಲೆಕ್ಕ ನಿಮ್ಮ ಪುಸ್ತಕದಲ್ಲಿ ಮಾತ್ರ ಸಿಗಬೇಕು. "ಕಾಲೇಜಿಗೆ ಸೇರಿಸಬೇಕು ಅಂತಿದ್ವಿ, ಬಸ್ಸಿಲ್ಲ ಅಂತ ಬಿಟ್ವಿ" ಎಂಬಂಥ ಒಂದು ಸಾಲು ಬಂದರೆ ಅದನ್ನು ಅವರ ಮಾತಲ್ಲೇ ಬರೆದುಕೊಳ್ಳಿ, ತಿದ್ದಬೇಡಿ.

ಹೆಸರು, ಫೋನ್ ನಂಬರ್, ಆಧಾರ್ ಬೇಡ. ಊರು, ಅಂದಾಜು ವಯಸ್ಸು, ಗಂಡೋ ಹೆಣ್ಣೋ, ಕೆಲಸ. ಇಷ್ಟೇ. ಫೋನ್ ನಂಬರ್ ಕೇಳಿದ ಕ್ಷಣ ಅರ್ಧ ಜನ "ಸಾಲದವರಾ?" ಅಂತ ಅನುಮಾನ ಪಡುತ್ತಾರೆ. ಮಾತು ಕೊಡುವಾಗಲೂ ಎಚ್ಚರ. "ಮಾಡಿಸಿಕೊಡ್ತೀವಿ" ಅನ್ನಬೇಡಿ. "ಬರೆದು ಕೊಡ್ತೀವಿ, ಏನಂದ್ರು ಅಂತ ಬಂದು ಹೇಳ್ತೀವಿ" ಅನ್ನಿ.

ನಕ್ಷೆ ಮತ್ತು ಎಣಿಕೆ

ಉಪಗ್ರಹ ಚಿತ್ರವನ್ನು ಫ್ಲೆಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ. ಅದರ ಮೇಲೆ ಊರವರಿಗೆ ಗೊತ್ತಿರುವ ಗುರುತು ಬರೆಯಿರಿ: ಆಲೆಮನೆ, ಪೆಟ್ರೋಲ್ ಬಂಕ್, ಮಾರಮ್ಮನ ಗುಡಿ, ಆಲದ ಮರ, ನಾಲೆ ಸೇತುವೆ. ಹಾಸಿ ಕೂತರೆ ಜನ ತಾವೇ ಬೆರಳಿಟ್ಟು ತೋರಿಸುತ್ತಾರೆ. ದಾಟುವ ಜಾಗಕ್ಕೆ ಕೆಂಪು ಬಿಂದಿ, ಕಾಯುವ ಜಾಗಕ್ಕೆ ಹಳದಿ, ಹೆದರುವ ಜಾಗಕ್ಕೆ ಕಪ್ಪು. ಹಣೆಗೆ ಇಡುವ ಬಿಂದಿ ಪ್ಯಾಕೆಟ್ಟೇ ಸಾಕು, ಫ್ಲೆಕ್ಸ್ ಮೇಲೆ ಚೆನ್ನಾಗಿ ಅಂಟುತ್ತದೆ.

ಬಿಂದಿ ಗುಂಪುಗಟ್ಟಿದ ಕಡೆಗೆ ಆಮೇಲೆ ನೀವೇ ನಡೆದು ಹೋಗಿ. ಸರ್ವಿಸ್ ರೋಡ್ ಎಲ್ಲಿ ಕಡಿದುಹೋಗುತ್ತದೆ, ಬೇಲಿ ಎಲ್ಲಿ ಬಗ್ಗಿಸಿದ್ದಾರೆ, ಮಳೆ ಬಂದರೆ ಅಂಡರ್‌ಪಾಸಲ್ಲಿ ನೀರು ಎಷ್ಟು ನಿಂತ ಗುರುತಿದೆ, ದೀಪ ಉರಿಯುತ್ತದಾ ಅಂತ ನೋಡಿ. ಬಗ್ಗಿದ ಬೇಲಿ ಅಂದರೆ ಅಲ್ಲಿ ದಿನಾ ದಾಟುತ್ತಾರೆ ಅಂತಲೇ ಅರ್ಥ. ಜಾಗ ಬರೆಯುವಾಗ ಊರ ಗುರುತಿನ ಜೊತೆ ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆಯನ್ನೂ, ಫೋಟೊದಲ್ಲಿ ಜಿಪಿಎಸ್ ಅಂಕಿಯನ್ನೂ ಹಾಕಿ. ಹೈವೇ ಆಫೀಸಿನವರಿಗೆ ಮಾರಮ್ಮನ ಗುಡಿ ಗೊತ್ತಿರುವುದಿಲ್ಲ, ಕಿ.ಮೀ. ಗೊತ್ತಿರುತ್ತದೆ.

ಎಣಿಕೆಗೆ ಇಬ್ಬರು ಸಾಕು. ಒಬ್ಬರು ದಾಟುವ ಜನರನ್ನು, ಇನ್ನೊಬ್ಬರು ವಾಹನಗಳನ್ನು ಗಂಟೆಗೊಮ್ಮೆ ಬರೆಯಲಿ. ದಿನದಲ್ಲಿ ಹೆಚ್ಚು ಓಡಾಟ ಇರುವ ನಾಲ್ಕು ಗಂಟೆಗಳಾದರೂ ಸಿಗಬೇಕು. ಇದಕ್ಕೆ ಕಾರಣ ಇದೆ. ಊರೊಳಗಿನ ರಸ್ತೆಯಲ್ಲಿ ಜೀಬ್ರಾ ಪಟ್ಟೆ, ಸಿಗ್ನಲ್ ಬೇಕಾ ಅಂತ ತೀರ್ಮಾನಿಸಲು, ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆಯ ಒಂದು ಲೆಕ್ಕ ಇದೆ. ಗಂಟೆಗೆ ದಾಟುವ ಜನರ ಸಂಖ್ಯೆಯನ್ನು ಗಂಟೆಗೆ ಬರುವ ವಾಹನಗಳ ಸಂಖ್ಯೆಯ ವರ್ಗದಿಂದ (ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಬರುವುದು) ಗುಣಿಸುತ್ತಾರೆ, ಆ ನಾಲ್ಕು ಗಂಟೆಗಳ ಸರಾಸರಿ ನೋಡುತ್ತಾರೆ. ನಿಮ್ಮ ಹಾಳೆಯಲ್ಲಿ ಆ ಅಂಕಿ ತಯಾರಿದ್ದರೆ ಮಾತು ಬೇಗ ಮುಂದೆ ಹೋಗುತ್ತದೆ. ಆದರೆ ಈ ಲೆಕ್ಕದಲ್ಲಿ ಅಜ್ಜಿಯೂ ಒಂದೇ, ಹುಡುಗನೂ ಒಂದೇ. ಹಾಗಾಗಿ ಮಕ್ಕಳು, ವಯಸ್ಸಾದವರು, ತಲೆ ಮೇಲೆ ಹೊರೆ ಹೊತ್ತವರು, ದನ ಹೊಡೆದುಕೊಂಡು ಬಂದವರು ಎಷ್ಟು ಅಂತ ಪಕ್ಕದಲ್ಲೇ ಬರೆಯಿರಿ.

ಕಬ್ಬು ಅರೆಯುವ ಕಾಲದಲ್ಲಿ ಒಂದು ಸಲ, ಇಲ್ಲದಾಗ ಒಂದು ಸಲ ಎಣಿಸಿ. ಸರ್ವಿಸ್ ರೋಡ್ ಎರಡೂ ಕಾಲದಲ್ಲಿ ಒಂದೇ ಥರ ಇರುವುದಿಲ್ಲ. ಶ್ರೀರಂಗಪಟ್ಟಣದ ಕಡೆಯಾದರೆ ಅಮಾವಾಸ್ಯೆಯ ನಿಮಿಷಾಂಬ ಜನಜಂಗುಳಿ, ದಸರಾ ವಾರ ಬಿಟ್ಟು ಸಾಮಾನ್ಯ ದಿನ ಆರಿಸಿ. ಜಾತ್ರೆ ದಿನದ ಅಂಕಿ ಬೇಕಿದ್ದರೆ ಬೇರೆ ಹಾಳೆಯಲ್ಲಿರಲಿ.

ಒಂದು ಮಾತು: ಮುಖ್ಯ ರಸ್ತೆಗೆ ಇಳಿಯಬೇಡಿ. ಬೇಲಿಯಾಚೆಯಿಂದಲೇ ಎಣಿಸಿ.

ಬೇಡಿಕೆಯನ್ನೂ ಓಡಾಟವನ್ನೂ ಬೇರೆ ಮಾಡಿ

ಎಲ್ಲ ಬರೆದಾದ ಮೇಲೆ ಪ್ರತಿ ಉತ್ತರವನ್ನೂ ಎರಡು ಕಾಲಂ ಮಾಡಿ. ಒಂದರಲ್ಲಿ ಅವರು ಕೇಳಿದ್ದು, ಇನ್ನೊಂದರಲ್ಲಿ ಅವರು ಓಡಾಡಿದ್ದು. ಹೀಗೆ ಅಂದುಕೊಳ್ಳಿ: ಮೂರು ಊರಿನವರು ಅಂಡರ್‌ಪಾಸ್ ಕೇಳಿದ್ದಾರೆ. ಓಡಾಟದ ಕಾಲಂ ನೋಡಿದರೆ ಮೊದಲನೇ ಊರಲ್ಲಿ ದಾಟುವವರು ಬಹುಪಾಲು ಮೈಸೂರು ಬಸ್ಸಿಗೆ ಹೋಗುವವರು, ಯಾಕೆಂದರೆ ಆ ಸ್ಟಾಪ್ ಆಚೆ ಬದಿ ಇದೆ. ಎರಡನೇ ಊರಲ್ಲಿ ಅಂಡರ್‌ಪಾಸ್ ಈಗಾಗಲೇ ಇದೆ, ಕತ್ತಲು ಮತ್ತು ನಿಂತ ನೀರಿಗೆ ಹೆದರಿ ಯಾರೂ ಬಳಸುತ್ತಿಲ್ಲ. ಮೂರನೇ ಊರಲ್ಲಿ ಮಾತ್ರ ಮನೆ ಈಚೆ, ಗದ್ದೆ ಆಚೆ. ಎತ್ತು ಗಾಡಿ ಸಮೇತ ದಿನಾ ಸುತ್ತಿ ಬರುತ್ತಾರೆ. ಮೊದಲನೆಯದು ಬಸ್ಸಿನವರು ಸರಿಮಾಡಬಹುದಾದ ಕೆಲಸ. ಎರಡನೆಯದಕ್ಕೆ ದೀಪ, ಚರಂಡಿ, ಪಂಪು. ಅಂಡರ್‌ಪಾಸ್ ಹೋರಾಟ ಬೇಕಾದ್ದು ಮೂರನೆಯದಕ್ಕೆ. ಮೂರನ್ನೂ ಸೇರಿಸಿ ಒಂದೇ ಅರ್ಜಿ ಕೊಟ್ಟಿದ್ದರೆ ಮೂರೂ ಹಾಗೇ ಬಿದ್ದಿರುತ್ತಿದ್ದವು.

ಕಡಿಮೆ ಜನ ಹೇಳಿದ್ದು ಕಡಿಮೆ ಮುಖ್ಯ ಅಂತ ಅಲ್ಲ. ಡಯಾಲಿಸಿಸ್‌ಗೆ ಹೋಗುವವರು ಇಡೀ ತುಂಡಿನಲ್ಲಿ ನಾಲ್ಕೇ ಜನ ಇರಬಹುದು. ಅವರಿಗೆ ವಾರಕ್ಕೆ ಎರಡು ಮೂರು ಸಲ ತಪ್ಪಿಸಲಾಗದ ಓಡಾಟ. ಇಂಥವನ್ನು ಅಂಕಿ ಪಟ್ಟಿಯ ಕೆಳಗೆ ಹಾಕದೆ ಬೇರೆ ಪುಟದಲ್ಲೇ ಬರೆಯಿರಿ.

ಒಂದು ಜಾಗಕ್ಕೆ ಒಂದು ಪುಟ. ಫೋಟೊ, ನಕ್ಷೆ ತುಂಡು, ಎಣಿಕೆ, ಜನರ ಎರಡು ಮೂರು ಮಾತು, ಯಾವ ಕಚೇರಿ ಏನು ಮಾಡಬೇಕು. ಅದಕ್ಕಿಂತ ಉದ್ದ ಬೇಡ.

ಊರಿಗೆ ವಾಪಸ್ ತನ್ನಿ, ಆಮೇಲೆ ಕಚೇರಿಗೆ

ಕರಡನ್ನು ಅದೇ ಡೈರಿ ಮುಂದೆ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ, ಕೆಲವೊಮ್ಮೆ ಜಗಳವೂ ಆಗುತ್ತದೆ. ಸ್ಟಾಪ್ ಆ ಊರಿಗೆ ಹತ್ತಿರ ಆಯಿತು, ನಮಗೆ ದೂರ ಆಯಿತು ಅಂತ. ಆ ಜಗಳ ಅಲ್ಲೇ ಆಗಲಿ, ಡಿಸಿ ಕಚೇರಿಯಲ್ಲಿ ಆಗುವುದು ಬೇಡ. ಒಪ್ಪಿಗೆ ಆಗದಿದ್ದರೆ ಎರಡೂ ಅಭಿಪ್ರಾಯ ಬರೆಯಿರಿ.

ಇದಾದ ಮೇಲೆ ಪಂಚಾಯಿತಿ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಬೇಕು. ಪಿಡಿಒಗೆ ಮುಂಚೆಯೇ ತಿಳಿಸಿ ವಿಷಯ ಪಟ್ಟಿಯಲ್ಲಿ ಸೇರಿಸಿ, ನಿರ್ಣಯ ಮಾಡಿಸಿ, ನಡಾವಳಿಯ ನಕಲು ಪಡೆಯಿರಿ. ನಿರ್ಣಯ ಜೊತೆಗಿದ್ದರೆ ಅದು ನಾಲ್ಕು ಜನರ ಅರ್ಜಿ ಆಗಿರುವುದಿಲ್ಲ.

ಕೊಡುವ ಕಡೆಗಳು: ಆಯಾ ಕಚೇರಿಗೆ ಅದರದ್ದೇ ಪುಟಗಳು, ಪೂರ್ತಿ ಪ್ರತಿ ಜಿಲ್ಲಾಧಿಕಾರಿಗೆ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಅಲ್ಲಿ ಪೊಲೀಸರು, ಆರ್‌ಟಿಒ, ರಸ್ತೆ ಇಲಾಖೆಯವರು ಒಟ್ಟಿಗೆ ಕೂರುತ್ತಾರೆ, "ನಮ್ಮದಲ್ಲ" ಅನ್ನುವುದು ಅಲ್ಲಿ ಕಷ್ಟ. ಕೇಂದ್ರದ ಯೋಜನೆಗಳನ್ನು ಪರಿಶೀಲಿಸುವ, ಸಂಸದರ ಅಧ್ಯಕ್ಷತೆಯ ದಿಶಾ ಸಭೆ, ಶಾಸಕರ ತಾಲ್ಲೂಕು ಕೆಡಿಪಿ (ಪ್ರಗತಿ ಪರಿಶೀಲನಾ) ಸಭೆಗೂ ಮುಂಚಿತವಾಗಿ ಪ್ರತಿ ತಲುಪಿಸಿ. ಎಲ್ಲ ಕಡೆ ಸೀಲು ಹಾಕಿಸಿಕೊಂಡ ಸ್ವೀಕೃತಿ ಇಟ್ಟುಕೊಳ್ಳಿ. ಉರಿಯದ ದೀಪ, ಮುರಿದ ಬೇಲಿಯಂಥ ತುರ್ತು ದೂರಿಗೆ ವರದಿ ಆಗುವವರೆಗೆ ಕಾಯಬೇಕಿಲ್ಲ. ಹೆದ್ದಾರಿ ಸಹಾಯವಾಣಿ 1033 ಇದೆ, ರಾಜ್ಯದ ಇಲಾಖೆಗಳಿಗೆ 1902 ಇದೆ.

ಮೊದಲು ಕಡಿಮೆ ಖರ್ಚಿನದನ್ನು ಕೇಳಿ. ಒಂದು ಸ್ಟಾಪ್ ಜಾಗ ಬದಲು, ಕಾಲೇಜು ಬಿಡುವ ಹೊತ್ತಿಗೆ ಒಂದು ಟ್ರಿಪ್, ಎರಡು ದೀಪ. ಒಂದು ಆದರೂ ಊರವರಿಗೆ ನಂಬಿಕೆ ಬರುತ್ತದೆ, ಮುಂದಿನ ಸಲ ಕೇಳಲು ಹೋದಾಗ ಮುಖ ತಿರುಗಿಸುವುದಿಲ್ಲ.

ಎರಡು ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಕೆಎಸ್ಆರ್‌ಟಿಸಿ, ಲೋಕೋಪಯೋಗಿಯಂಥ ರಾಜ್ಯದ ಕಚೇರಿಗೆ ಹಾಕುವಾಗ ಒಂದೇ ವಿಷಯ, 150 ಪದದೊಳಗೆ ಇರಬೇಕು. ಎನ್‌ಎಚ್‌ಎಐ ಕೇಂದ್ರದ್ದು, ಅಲ್ಲಿ 500 ಪದದವರೆಗೆ ಬರೆಯಬಹುದು. "ಯಾಕೆ ಮಾಡಿಲ್ಲ?" ಅಂತ ಕೇಳಬೇಡಿ, ಅದಕ್ಕೆ ಉತ್ತರ ಸಿಗುವುದಿಲ್ಲ. "ಇಂಥ ದಿನಾಂಕದ ನಮ್ಮ ಅರ್ಜಿಯ ಮೇಲೆ ಆದ ಟಿಪ್ಪಣಿ ಹಾಳೆಗಳ ನಕಲು ಕೊಡಿ" ಅಂತ ಕೇಳಿ. ಬಂದ ಉತ್ತರ ಏನೇ ಇರಲಿ, ಅದರ ಜೆರಾಕ್ಸ್ ಒಂದನ್ನು ಡೈರಿಯ ಬೋರ್ಡಿಗೆ ಅಂಟಿಸಿ. ಏನಾದರೂ ಕೆಲಸ ಆಗಿದ್ದರೆ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಇನ್ನೊಮ್ಮೆ ನಿಂತು ಎಣಿಸಿ, ಹಳೇ ಹಾಳೆಯ ಪಕ್ಕ ಹೊಸ ಅಂಕಿ ಬರೆಯಿರಿ. ಸ್ಟಾಪ್ ಬದಲಾಯಿಸಿದ ಮೇಲೂ ಜನ ಹಳೇ ಕಡೆಯಲ್ಲೇ ದಾಟುತ್ತಿದ್ದರೆ ಮತ್ತೆ ಹೋಗಿ ಅವರನ್ನೇ ಕೇಳಬೇಕು.